ಮೈದಾನದ ಲೈನ್ ಹಾಕೋರು ಯಾರು? (ನಮ್ಮ ಕ್ಲಬ್, ಭಾಗ 4)

ಹೋದ ಪೋಸ್ಟ್‌ನಲ್ಲಿ ಗೋಲ್ ಫೋಟೋ ಹಾಕಿದಾಗ ಎಲ್ಲರೂ ಬೆಂಕಿ ಎಮೋಜಿ ಸುರಿದ್ರಿ. ಥ್ಯಾಂಕ್ಸ್. ಈ ಸಲ ಫೋಟೋದಲ್ಲಿ ಗೋಲ್ ಇಲ್ಲ. ಒಂದು ಗೂಟ, ಒಂದು ಹಗ್ಗ, ಬಕೆಟ್‌ನಲ್ಲಿ ಬಿಳಿ ಪುಡಿ. ಸ್ಕ್ರಾಲ್ ಮಾಡ್ಬೇಡಿ, ಓದಿ.

ನಮ್ಮದು ಮಣ್ಣಿನ ಮೈದಾನ. ವಾರವೆಲ್ಲ ಕ್ರಿಕೆಟ್ ಆಡೋರು, ವಾಕಿಂಗ್ ಬರೋರು, ಸ್ಕೂಟರ್ ಕಲಿಯೋರು, ಎಲ್ಲರೂ ಅಲ್ಲೇ. ಹಾಗಾಗಿ ಭಾನುವಾರ ಮ್ಯಾಚ್ ಇದ್ರೆ ಹಿಂದಿನ ವಾರದ ಲೈನ್‌ಗಳ ಗುರುತೂ ಇರಲ್ಲ. ಬೆಳಿಗ್ಗೆ ಐದೂವರೆಗೆ ಇಬ್ಬರು ಬಂದು ಹೊಸದಾಗಿ ಹಾಕಬೇಕು. ಮಧ್ಯದಲ್ಲಿ ಗೂಟ ನೆಟ್ಟು, 9.15 ಮೀಟರ್ ಹಗ್ಗ ಹಿಡಿದು ಒಂದು ಸುತ್ತು ಬಂದರೆ ಸೆಂಟರ್ ಸರ್ಕಲ್. ಗೋಲ್ ಲೈನ್‌ನಿಂದ 11 ಮೀಟರ್ ಅಳೆದರೆ ಪೆನಾಲ್ಟಿ ಸ್ಪಾಟ್. ಮೂಲೆ ಸರಿಯಾಗಿ ಬಂದಿದ್ಯಾ ಅಂತ ನೋಡೋಕೆ ಹಗ್ಗದಲ್ಲೇ 3, 4, 5 ಮೀಟರಿನ ತ್ರಿಕೋನ ಮಾಡ್ತೀವಿ. ಹೌದು, ಪೈಥಾಗರಸ್. ಹತ್ತನೇ ಕ್ಲಾಸಲ್ಲಿ "ಇದೆಲ್ಲ ಲೈಫಲ್ಲಿ ಎಲ್ಲಿ ಬರುತ್ತೆ ಸಾರ್" ಅಂತ ಕೇಳಿದ್ದ ನಮ್ಮ ಮಹಾಶಯನೇ ಈಗ ಹಗ್ಗದ ಇನ್ನೊಂದು ತುದಿ ಹಿಡಿಯೋದು. ಟ್ಯಾಗ್ ಮಾಡಲ್ಲ, ನಿಮಗೇ ಗೊತ್ತಾಗುತ್ತೆ. ಪುಡಿನೂ ಯಾವುದೋ ಒಂದು ತಂದು ಸುರಿಯೋ ಹಾಗಿಲ್ಲ. ಸುಟ್ಟ ಸುಣ್ಣ ನೀರು ತಾಗಿದ್ರೆ ಕಾಯುತ್ತೆ, ಬಿದ್ದ ಮಕ್ಕಳ ಮಂಡಿ ಸುಡುತ್ತೆ, ಕಣ್ಣಿಗೆ ಹೋದ್ರೆ ಇನ್ನೂ ಡೇಂಜರ್. ಅದಕ್ಕೆ ಚಾಕ್ ಪುಡಿನೇ ಬೇಕು.

ಇದು ಸುಲಭದ ಕೆಲಸ. ಕಷ್ಟದ್ದು ಪೇಪರ್ ಕೆಲಸ.

ವಯಸ್ಸಿನ ಲೆಕ್ಕದ ಟೂರ್ನಮೆಂಟ್‌ಗೆ ಹೆಸರು ಕೊಡೋಕೆ ಜನನ ಪ್ರಮಾಣಪತ್ರ ಬೇಕು. ನಮ್ಮ ಚಿಕ್ಕ ಹುಡುಗರಲ್ಲಿ ಅರ್ಧ ಜನರ ಅಪ್ಪ ಅಮ್ಮ ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದೋರು. ಶಾಲೆ ದಾಖಲೆ ನೋಡಿದ್ರೆ ಸುಮಾರು ಮಕ್ಕಳ ಹುಟ್ಟುಹಬ್ಬ ಜೂನ್ 1! ಅಡ್ಮಿಷನ್ ದಿನ ಯಾರೋ ಬರೆದಿದ್ದು ಹಾಗೇ ಉಳಿದಿದೆ. ಒಬ್ಬ ಹುಡುಗನ ಅಮ್ಮನ್ನ ಕೇಳಿದ್ರೆ, "ಹತ್ತಿ ಬಿತ್ತೋ ಟೈಮಿನ್ಯಾಗ ಹುಟ್ಯಾನ್ರಿ" ಅಂದ್ರು. ಅದನ್ನ ಯಾವ ಫಾರ್ಮ್‌ನಲ್ಲಿ ತುಂಬೋದು? ನಮ್ಮ ಕ್ಲಬ್‌ನ ಅಕ್ಕ ಒಬ್ಬರು, ಆಫೀಸಿನ ಊಟದ ಬ್ರೇಕ್‌ನಲ್ಲಿ ದಿನಾ ಆ ಊರಿಗೆ ಫೋನ್ ಮಾಡಿ ಮಾಡಿ, ಮೂರು ವಾರಕ್ಕೆ ಪತ್ರ ತರಿಸಿದ್ರು. ಅಕ್ಕನಿಗೆ ಆಫ್‌ಸೈಡ್ ಅಂದ್ರೇನು ಅಂತ ಇವತ್ತಿಗೂ ಗೊತ್ತಿಲ್ಲ. ಅವರಿಲ್ಲದಿದ್ರೆ ನಮಗೆ ಅಂಡರ್-13 ಟೀಮೇ ಇರ್ತಿರಲಿಲ್ಲ.

ಬೆಂಗಳೂರಲ್ಲಿ ಫುಟ್‌ಬಾಲ್ ಅಂದ್ರೆ ತುಂಬ ಜನಕ್ಕೆ 2013ರಲ್ಲಿ ಬೆಂಗಳೂರು ಎಫ್‌ಸಿ ಬಂದಮೇಲಿನ ಕಥೆ. ಬಿಎಫ್‌ಸಿ ನನಗೂ ಇಷ್ಟ, ಜೆರ್ಸಿ ಇದೆ. ಆದರೆ ಬ್ರಿಟಿಷ್ ಸೇನೆಯ ತಂಡಗಳೇ ಗೆಲ್ಲುತ್ತಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಬಾಂಬೆಗೆ ಹೋಗಿ ಗೆದ್ದು ತಂದಿದ್ದು ಬೆಂಗಳೂರು ಮುಸ್ಲಿಮ್ಸ್ ಅನ್ನೋ ಕ್ಲಬ್. ಹಲಸೂರಿನ ಪಕ್ಕ ಗೌತಮಪುರಕ್ಕೆ ಹೋಗಿ ನೋಡಿ, ರಸ್ತೆಯಲ್ಲೇ ಪೆಲೆ ಪ್ರತಿಮೆ ಇದೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನ 3-2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಾಗ 54 ವರ್ಷ ಆಗಿತ್ತು. ಹಿಂದಿನ ಸಲ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಗಲ್ಲಿ ಗಲ್ಲಿಯ ಪುಟ್ಟ ಕ್ಲಬ್‌ಗಳು ಈ ಊರಲ್ಲಿ ಮೊದಲಿಂದಲೂ ಇವೆ. ಬಾಗಿಲು ಮುಚ್ಚೋದೂ ಅವೇ ಮೊದಲು.

ಈಗ ವಿಷಯಕ್ಕೆ ಬರ್ತೀನಿ. ಒಂಬತ್ತು ಹುಡುಗರಿಂದ ಶುರುವಾದ ಕ್ಲಬ್‌ನಲ್ಲಿ ಈಗ ಎಪ್ಪತ್ತರ ಹತ್ತಿರ ಮಕ್ಕಳು, ಅದರಲ್ಲಿ ಹುಡುಗಿಯರ ಟೀಮೂ ಇದೆ. ಮಳೆಗಾಲದಲ್ಲಿ ನಮ್ಮ ಮೈದಾನ ಕೆರೆ. ಹತ್ತಿರದ ಟರ್ಫ್ ಗಂಟೆ ಲೆಕ್ಕದಲ್ಲಿ ದುಡ್ಡು ಕೇಳುತ್ತೆ. ಅದಕ್ಕೆ ಮೇ ತಿಂಗಳ ಮೀಟಿಂಗ್‌ನಲ್ಲಿ ಒಬ್ಬ ಅಂಕಲ್, "ಎಲ್ಲರಿಗೂ ತಿಂಗಳಿಗೆ 800 ರೂಪಾಯಿ ಫೀಸ್ ಮಾಡಿ, ನೀಟಾಗಿ ನಡೆಯುತ್ತೆ" ಅಂದ್ರು. ಅವರು ಕೆಟ್ಟವರಲ್ಲ. ಎರಡು ವರ್ಷ ಬಾಲ್‌ಗಳನ್ನ ಸ್ವಂತ ದುಡ್ಡಲ್ಲಿ ಕೊಡಿಸಿದೋರು ಅವರೇ.

ಕೋಚ್ ಅಣ್ಣ ಏನೂ ಹೇಳಲಿಲ್ಲ. ಹಾಜರಿ ಪುಸ್ತಕ ತೆಗೆದು, 800 ಕೊಡೋಕೆ ಆಗದ ಮನೆಗಳ ಮುಂದೆ ಪೆನ್ಸಿಲ್‌ನಲ್ಲಿ ಚುಕ್ಕಿ ಇಡ್ತಾ ಹೋದ್ರು. ಹುಡುಗಿಯರ ಟೀಮಿನ ಪುಟದಲ್ಲಿ ಚುಕ್ಕಿ ಇಲ್ಲದ ಹೆಸರು ನಾಲ್ಕೇ. ನಾಲ್ಕು ಜನ ಇಟ್ಕೊಂಡು ಯಾವ ಟೀಮ್ ಆಡ್ಸೋದು ಹೇಳಿ? ಅಂಕಲ್ ಪುಸ್ತಕ ತಗೊಂಡು ತುಂಬಾ ಹೊತ್ತು ನೋಡಿದ್ರು.

ಕೊನೆಗೆ ಆಗಿದ್ದು ಇಷ್ಟು. ತಿಂಗಳ ಮೊದಲ ಭಾನುವಾರ ಪ್ರತಿ ಮನೆಗೂ ಒಂದು ಕವರ್. ಆದಷ್ಟು ಹಾಕಿ, ಅಂಟಿಸಿ ವಾಪಸ್ ಕೊಡೋದು. ಖಾಲಿ ಕವರ್ ಆದ್ರೂ ನಡೆಯುತ್ತೆ, ಹೆಸರು ಬರೆಯೋ ಹಾಗಿಲ್ಲ. ಅಕ್ಕ ಒಬ್ಬರೇ ಬಿಚ್ಚೋದು. ಮೊದಲ ತಿಂಗಳು ನನಗೆ ನಂಬಿಕೆ ಇರಲಿಲ್ಲ, ನಿಜ ಹೇಳ್ತೀನಿ. ಜೂನ್‌ನಲ್ಲಿ ಟರ್ಫ್ ಖರ್ಚು ದಾಟಿ ಇನ್ನೂ ಸ್ವಲ್ಪ ಉಳೀತು. ಜುಲೈನಲ್ಲಿ ಸಾಲಲಿಲ್ಲ, ಎರಡು ವಾರ ಕೆಸರಲ್ಲೇ ಆಡಿದ್ವಿ. ಆ ವಾರ ಜೆರ್ಸಿ ಒಗೆದವರ ಕಷ್ಟ ನನ್ನ ಅಮ್ಮನ್ನ ಕೇಳಿ.

ಕವರ್‌ನಿಂದ ಸರಿಹೋಗದ್ದು ಒಂದಿದೆ. ಕೋಚ್ ಅಣ್ಣ ರಾತ್ರಿ ಶಿಫ್ಟ್ ಮುಗಿಸಿ ನೇರ ಮೈದಾನಕ್ಕೆ ಬರ್ತಾರೆ. ಅವರಿಗೆ ಮುಂದಿನ ತಿಂಗಳು ಮದುವೆ. "ಆಮೇಲೂ ಬರ್ತೀನಿ ಕಣೋ" ಅಂತಾರೆ. ಬರ್ತಾರೆ ಅಂತ ನಾನೂ ಅಂದ್ಕೊಂಡಿದೀನಿ, ಆದರೆ ವಾರಕ್ಕೆ ನಾಲ್ಕು ದಿನ ಅಂತ ಕೇಳೋಕೆ ನನಗೆ ಬಾಯಿ ಬರಲ್ಲ. ಅದಕ್ಕೇ ನಾವು ಸೀನಿಯರ್ ಹುಡುಗರು ಮೂರು ಜನ ಅಂಡರ್-10 ಮಕ್ಕಳನ್ನ ಈಗಿಂದಲೇ ಹಂಚ್ಕೊಂಡಿದೀವಿ. ಮಂಗಳವಾರ ನನ್ನ ಪಾಳಿ. ಆ ವಯಸ್ಸಿನ ಮಕ್ಕಳನ್ನ ಸಾಲಲ್ಲಿ ನಿಲ್ಸೋದು ಪೆನಾಲ್ಟಿ ತಡೆಯೋದಕ್ಕಿಂತ ಕಷ್ಟ ಮಚ್ಚಾ.

ಭಾಗ 5ರಲ್ಲಿ ಹುಡುಗಿಯರ ಟೀಮಿನ ಮೊದಲ ಮ್ಯಾಚ್. ಅಷ್ಟರೊಳಗೆ ಚಿಕ್ಕ ಸೈಜಿನ ಗೋಲ್‌ಕೀಪರ್ ಗ್ಲೌಸ್ ಯಾರ ಮನೇಲಾದ್ರೂ ಸುಮ್ನೆ ಬಿದ್ದಿದ್ರೆ ಡಿಎಂ ಮಾಡಿ. ಹಳೇದಾದ್ರೂ ಓಕೆ, ಹರಿದಿರಬಾರದು ಅಷ್ಟೇ.

#ನಮ್ಮಕ್ಲಬ್ #ಬೆಂಗಳೂರುಫುಟ್‌ಬಾಲ್ #ಭಾಗ4