ಮೊಳೆ ಇಳಿಯದ ಗೋಡೆ

ತಲೆ ಬಗ್ಗಿಸಿ ಒಳಗೆ ಬನ್ನಿ, ಶೀಟು ತಗ್ಗಿನಲ್ಲಿದೆ. ತೋವಿನಕೆರೆಯಲ್ಲಿ ಆಯುಧಪೂಜೆಯ ಹಿಂದಿನ ದಿನ. ಸಿದ್ದರಬೆಟ್ಟದ ಕಡೆ ಮೋಡ ಕಟ್ಟುತ್ತಿದೆ, ಮಧ್ಯಾಹ್ನದೊಳಗೆ ಕೆಲಸ ಮುಗಿಯಬೇಕು. ಒಳಗೆ ಗ್ರೀಸು, ಹಳೇ ಗೋಣಿಚೀಲ, ಇಲಿ ಓಡಾಡಿದ ವಾಸನೆ. ಎದುರಿಗೆ ಟಿವಿಎಸ್ ಎಕ್ಸೆಲ್, ಅದಕ್ಕೆ ಒರಗಿದ ಸ್ಪ್ರೇಯರು, ಅದರ ಮೇಲೆ ಡ್ರಿಪ್ ಪೈಪಿನ ಸಿಕ್ಕು, ಸಿಕ್ಕಿನೊಳಗೆ ಯಾರ ಕಣ್ಣಿಗೂ ಬೀಳದ ಕುಡುಗೋಲು. ಗಾಡಿಗೆಂದೇ ಕಟ್ಟಿದ ಶೆಡ್ಡು ಇದು. ಮನೆಯ ಕಾರು ಮಾತ್ರ ಅಂಗಳದ ಬಿಸಿಲಿನಲ್ಲಿ ನಿಂತಿದೆ.

ಮೊದಲು ಎಲ್ಲವೂ ಹೊರಗೆ. ಒಂದು ಮೂಲೆ ಮಾತ್ರ ಗುಡಿಸಿದರೆ ಸಾಮಾನು ಈ ಮೂಲೆಯಿಂದ ಆ ಮೂಲೆಗೆ ಹೋಗುತ್ತದೆ, ಅಷ್ಟೆ. ನೀವೂ ಒಂದು ಕೈ ಹಾಕಿ. ಹಾರೆ, ಪಿಕಾಸಿ, ಬಾಂಡ್ಲಿ, ಸುಟ್ಟ ಸ್ಟಾರ್ಟರು, ಒಡೆದ ಬಕೆಟ್ಟು ಅಂಗಳಕ್ಕೆ ಬರುತ್ತವೆ. ಗುಜರಿಯ ಗುಡ್ಡೆಗೆ ಹಳೇ ಟಯರು ಬೀಳುವ ಹೊತ್ತಿಗೆ ಜಗಲಿಯಿಂದ ಅಜ್ಜಿಯ ದನಿ: "ಅದ್ಯಾಕ್ಲಾ ಮಗಾ ಅಲ್ಲಿಗೆ ಹಾಕ್ತೀಯ? ಇರ್ಲಿ ಬಿಡು, ಕೆಲ್ಸಕ್ಕೆ ಬತ್ತದೆ." ಅಜ್ಜಿಯ ಮಾತು ನಿಜವಾಗುತ್ತದೆ, ಸ್ವಲ್ಪ ತಾಳಿ.

ಈಗ ಗೋಡೆ ನೋಡಿ. ನಿಜವಾದ ತೊಡಕು ಇರುವುದು ಇಲ್ಲೇ. ಸಾಮಾನೆಲ್ಲ ಗೋಡೆಗೆ ಏರಿದರೆ ನೆಲ ಖಾಲಿಯಾಗುತ್ತದೆ, ಆದರೆ ಇದು ಕಲ್ಲಿನ ಚಪ್ಪಡಿ ನಿಲ್ಲಿಸಿದ ಗೋಡೆ. ಮೊಳೆ ಹೊಡೆದರೆ ಮೊಳೆಯೇ ಬಾಗುತ್ತದೆ. ಕಬ್ಬಿಣದ ರ್‍ಯಾಕು ತಂದರೆ ಸಾವಿರಾರು ರೂಪಾಯಿ. ಚಿಕ್ಕಪ್ಪ ಅಂಗಡಿಯ ಕಡೆ ಮುಖ ಮಾಡದೆ ತೋಟಕ್ಕೆ ಹೋಗಿ ಬಿದ್ದ ಅಡಿಕೆ ಮರವೊಂದರ ದಬ್ಬೆ ಸೀಳಿಕೊಂಡು ಬಂದಿದ್ದಾರೆ. ಎರಡು ದಬ್ಬೆ ಬೆನ್ನಿಗೆ ಬೆನ್ನು ಕೊಟ್ಟು, ಒಂದು ಕಲ್ಲುಕಂಬದಿಂದ ಇನ್ನೊಂದಕ್ಕೆ ಅಡ್ಡ ಹಿಡಿಯಬೇಕು. ಆ ತುದಿ ನೀವು ಹಿಡಿಯಿರಿ. ಕೈ ಎತ್ತಿದರೆ ಸಿಗುವ ಎತ್ತರ ಸಾಕು. ಚಿಕ್ಕಪ್ಪ ಬೈಂಡಿಂಗ್ ವೈರನ್ನು ಕಂಬಕ್ಕೆ ಸುತ್ತಿ ಕಟಿಂಗ್ ಪ್ಲೇಯರಿನಲ್ಲಿ ತಿರುಚುತ್ತಾರೆ, ಕಿರ್ ಕಿರ್ ಎಂದು ಬಿಗಿಯುತ್ತದೆ. ಮನೆ ಕಟ್ಟುವಾಗ ಉಳಿದ ಕಂಬಿಯ ತುಂಡುಗಳು ಬಗ್ಗಿ ಕೊಕ್ಕೆಗಳಾಗುತ್ತವೆ. ಗುದ್ದಲಿ, ಸಲಿಕೆ, ಮಚ್ಚು, ಹಗ್ಗ ಒಂದೊಂದಾಗಿ ಮೇಲೇರುತ್ತವೆ. ಕಲ್ಲಿಗೆ ಒಂದು ತೂತೂ ಬಿದ್ದಿಲ್ಲ. ನನಗೆ ಈ ಶೆಡ್ಡಿನಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಈ ದಬ್ಬೆಯೇ. ಊರಿನ ಗೋಡೆಯ ಸಮಸ್ಯೆಗೆ ಊರಿನ ಮರ ಒದಗಿತು.

ಅಜ್ಜಿ ಉಳಿಸಿದ ಟಯರು ಈಗ ಬೇಕು. 16 ಮಿಲಿಮೀಟರಿನ ಡ್ರಿಪ್ ಪೈಪನ್ನು ಸಣ್ಣ ಕೊಕ್ಕೆಗೆ ನೇತುಹಾಕಿದರೆ ಭಾರ ಬಿದ್ದ ಕಡೆ ಮಡಿಕೆಯಾಗುತ್ತದೆ, ಮುಂದೆ ಅಲ್ಲೇ ನೀರು ಕಟ್ಟುತ್ತದೆ, ಇಲ್ಲವೇ ಸೀಳುತ್ತದೆ. ದಬ್ಬೆಗೆ ಟಯರು ಕಟ್ಟಿ ಅದರ ಮೇಲೆ ಸುರುಳಿ ಹೊದಿಸಿದರೆ ಪೈಪು ತನ್ನ ದುಂಡಿನಲ್ಲೇ ಇರುತ್ತದೆ. ನೆಲದಲ್ಲಿ ಬಿದ್ದಿದ್ದರೆ ಇಲಿ ಕಡಿಯುತ್ತಿತ್ತು. ಬಾಯಿಗಳಿಗೆ ಬಟ್ಟೆ ತುರುಕಿ, ಇಲ್ಲದಿದ್ದರೆ ಕಣಜ ಒಳಗೆ ಮಣ್ಣಿನ ಗೂಡು ಕಟ್ಟುತ್ತದೆ.

ನೆಲಕ್ಕೆ ನಾಲ್ಕು ಕಲ್ಲು, ಮೇಲೊಂದು ಹಲಗೆ. 45 ಕಿಲೋ ಯೂರಿಯಾ ಚೀಲವೂ ಉಳಿದ ಅರ್ಧ ಚೀಲ ಸಿಮೆಂಟೂ ಅದರ ಮೇಲೆ, ಗೋಡೆಯಿಂದ ಒಂದು ಗೇಣು ದೂರ. ಎರಡೂ ತೇವ ಹೀರುತ್ತವೆ. ಯೂರಿಯಾ ಗಂಟಾದರೆ ಒಡೆದುಕೊಳ್ಳಬಹುದು, ಸಿಮೆಂಟು ಗಟ್ಟಿಯಾದರೆ ಎಸೆಯಬೇಕು. ಖಾಲಿ ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕಿನಲ್ಲಿ ಸಿಮೆಂಟು ಸುರಿದು ಬಾಯಿ ಕಟ್ಟಿ.

ಆ ತಗಡಿನ ಡಬ್ಬ ಕೊಡಿ ಇಲ್ಲಿ. ತಳ ಉದುರುತ್ತಿದೆಯಲ್ಲ? ಒಳಗಿದ್ದದ್ದು ಮೈಲುತುತ್ತ. ತೇವ ತಾಗಿದರೆ ಅದು ಕಬ್ಬಿಣವನ್ನು ತಿನ್ನುತ್ತದೆ. ಅದಕ್ಕೇ ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣವನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಸುವುದು. ಚಾಕು ಅದ್ದಿದಾಗ ತಾಮ್ರದ ಕೆಂಪು ಅಂಟಿದರೆ ಇನ್ನಷ್ಟು ಸುಣ್ಣ ಬೇಕೆಂದು ಲೆಕ್ಕ. ಬಣ್ಣದ ಅಂಗಡಿಯವರು ಕೊಟ್ಟ ಖಾಲಿ ಪೇಂಟ್ ಬಕೆಟ್ಟೊಂದಿದೆ, ಮುಚ್ಚಳ ಬಿಗಿಯಾಗಿದೆ, ಅದಕ್ಕೆ ಸುರಿಯಿರಿ.

ದುಡ್ಡು ಖರ್ಚು ಮಾಡಬೇಕಾದ ಜಾಗವೂ ಒಂದಿದೆ: ಬೀಗ. ಕೀಟನಾಶಕದ ಬಾಟಲಿಗಳ ಮೇಲಿನ ಬಣ್ಣದ ಗುರುತು ನೋಡಿ. ಕೆಂಪು ಎಂದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರೂ ವಿಷವೇ. ಇವು ಬೀಗ ಹಾಕಿದ ಹಳೇ ಟ್ರಂಕಿನೊಳಗೆ, ತಮ್ಮದೇ ಬಾಟಲಿಯಲ್ಲಿ, ಹಿಂಡಿ ಬೂಸಾದಿಂದ ದೂರ ಇರಬೇಕು. ಉಳಿದ ಚೂರು ಔಷಧವನ್ನು ಜ್ಯೂಸ್ ಬಾಟಲಿಗೆ ಬಗ್ಗಿಸಿಡುವ ಅಭ್ಯಾಸವನ್ನು ಇವತ್ತೇ ಬಿಟ್ಟುಬಿಡಬೇಕು. ಮಕ್ಕಳಿರುವ ಮನೆ ಇದು.

ನಟ್ಟು, ಬೋಲ್ಟು, ವಾಷರುಗಳಿಗೆ ಹಳೇ ಹಾರ್ಲಿಕ್ಸ್ ಬಾಟಲಿ. ಮುಚ್ಚಳವನ್ನು ಮೇಲೆ ಕಟ್ಟಿದ ಇನ್ನೊಂದು ಹಲಗೆಯ ಅಡಿಗೆ ಸ್ಕ್ರೂ ಹಾಕಿ ಕೂರಿಸಿದ್ದಾಯಿತು. ಬಾಟಲಿ ತಿರುಗಿಸಿದರೆ ಕೈಗೆ ಬರುತ್ತದೆ, ಗಾಜಿನಾಚೆ ಏನಿದೆಯೆಂದು ಕಾಣುತ್ತದೆ.

ಚಿಕ್ಕಪ್ಪ ಈಗ ಇದ್ದಿಲು ಹಿಡಿದಿದ್ದಾರೆ. ತೂಗುವ ಪ್ರತಿ ಹತಾರದ ಸುತ್ತ ಚಪ್ಪಡಿಯ ಮೇಲೆ ಗೆರೆ ಎಳೆಯುತ್ತಾರೆ. ಹತಾರ ತೆಗೆದರೆ ಅದರ ಆಕಾರ ಗೋಡೆಯ ಮೇಲೆ ಉಳಿಯುತ್ತದೆ. ಗುದ್ದಲಿ ಎಲ್ಲಿ, ಯಾರು ಒಯ್ದರು ಎಂಬ ಹುಡುಕಾಟದಲ್ಲಿ ಹಳ್ಳಿಮನೆಗಳಲ್ಲಿ ಎಷ್ಟು ಬೆಳಗು ಹಾಳಾಗುತ್ತವೆ! ಕಳೆದಿದೆ ಎಂದುಕೊಂಡು ಎರಡನೆಯದನ್ನು ಕೊಳ್ಳುವುದೂ ಉಂಟು.

ಕಾರು ಒಳಗೆ ಬಂದು ನಿಲ್ಲುವಷ್ಟರಲ್ಲಿ ಪಕ್ಕದ ಮನೆಯ ಹುಡುಗ ಬಾಗಿಲಲ್ಲಿ.

"ಚಿಕ್ಕಪ್ಪಾ, ಹಾರೆ ಐತಾ? ಬಾಳೆಕಂದು ನೆಡಬೇಕು."

"ಅಲ್ಲೈತೆ, ತಗಂಡೋಗು. ಸಂಜೆಗೆ ತಂದಿಡ್ಬೇಕು, ನಾಳೆ ಪೂಜೆಗೆ ಇಡ್ಬೇಕಲ್ಲ."

ಹುಡುಗ ಹಾರೆ ಹೊತ್ತು ನಡೆದ. ಚಿಕ್ಕಪ್ಪ ಖಾಲಿ ಗೆರೆಯೊಳಗೆ ಇದ್ದಿಲಿನಲ್ಲಿ ಅವನ ಮನೆಯ ಹೆಸರು ಬರೆದು, ನೆಲ ಗುಡಿಸಲು ಪೊರಕೆ ತೆಗೆದುಕೊಂಡರು.