ಕಾಣದ ಮಧ್ಯಸ್ಥ

ಹಿರಿಯೂರು, ಹೊಳಲ್ಕೆರೆಗಳ ಜಗಲಿಗಳಲ್ಲಿ ಒಂದು ಕಾಲಕ್ಕೆ ಜಾತಕದ ಕಟ್ಟು ಬಿಚ್ಚುತ್ತಿದ್ದ ಮಧ್ಯಸ್ಥರನ್ನು, "ಯಾರದನ್ನು ಬಿಟ್ಟು ಬಂದಿರಿ, ಸ್ವಾಮಿ?" ಎಂದು ಕೇಳಬಹುದಾಗಿತ್ತು. ಇಂದಿನ ಮಧ್ಯಸ್ಥನು ಮೊಬೈಲಿನೊಳಗಿದ್ದಾನೆ. ಆತನಿಗೆ ಈ ಪ್ರಶ್ನೆ ಕೇಳಿಸದು.

2012ರಲ್ಲಿ ಆರಂಭವಾದ ಟಿಂಡರ್‌ನಲ್ಲಿ ಬೆರಳು ಬಲಕ್ಕೆ ಸರಿದರೆ ಒಪ್ಪಿಗೆ, ಎಡಕ್ಕೆ ಸರಿದರೆ ನಿರಾಕರಣೆ. ಚದುರಂಗದ ಆಟಗಾರರನ್ನು ಅಳೆಯುವ ಈಲೋ ಅಂಕದಿಂದ ಅದು ಒಮ್ಮೆ ತನ್ನಲ್ಲಿಗೆ ಬಂದವರನ್ನೂ ಅಳೆಯುತ್ತಿತ್ತು. ಆ ಪದ್ಧತಿ ಹಳತಾಯಿತೆಂದು 2019ರಲ್ಲಿ ಸಾರಿತು. ಶಾದಿ ಡಾಟ್ ಕಾಮ್‌ನಲ್ಲಿದ್ದ ಮೈಬಣ್ಣದ ಜರಡಿ, ಜನರು ಆಕ್ಷೇಪಿಸಿದ ಮೇಲೆ, 2020ರಲ್ಲಿ ಹೋಯಿತು. ಹೋಗದೆ ಉಳಿದ ಜರಡಿಯೆಂದರೆ ಬಳಸುವವರ ರೂಢಿಯೇ. ಹೊಸದುರ್ಗದ ತರುಣಿಯೊಬ್ಬಳು ಮೂರು ದಿನ ಬೆಂಗಳೂರಿನ ಇಂಜಿನಿಯರುಗಳನ್ನೇ ಮೆಚ್ಚಿದಳೆನ್ನಿ; ಯಂತ್ರವು ಅಂಥವರನ್ನೇ ಮುಂದಿಡತೊಡಗುತ್ತದೆ. ನೆರೆಯೂರಿನ ಉಪಾಧ್ಯಾಯನು ಹಿಂದಕ್ಕೆ ಸರಿಯುತ್ತಾನೆ. ಅವಳು ಅವನನ್ನು ಬೇಡವೆಂದವಳಲ್ಲ. ಅವನು ಅವಳ ಕಣ್ಣಿಗೆ ಬೀಳಲೇ ಇಲ್ಲ.

ಚಿತ್ರದುರ್ಗದ ಬೆಟ್ಟದಲ್ಲಿ ಹಿಡಿಂಬೇಶ್ವರನ ಗುಡಿಯಿದೆ. ಪುರಾಣದ ಹಿಡಿಂಬೆಯನ್ನು ಅಣ್ಣನು ಕಳುಹಿದ್ದು ಪಾಂಡವರನ್ನು ಕೊಲ್ಲಲು; ಅವಳು ಒಲಿದದ್ದು ಭೀಮನಿಗೆ. ಕುಲ, ಆಹಾರ, ನಡೆ ಯಾವುದೂ ಹೊಂದದ ಆ ಜೋಡಿಯನ್ನು ಯಾವ ಲೆಕ್ಕವೂ ಕೂಡಿಸುತ್ತಿರಲಿಲ್ಲ. ಎದುರೆದುರು ಕಂಡುದರಿಂದ ಮಾತ್ರವೇ ಅದು ಕೂಡಿತು.