ಮೊದಲು ಬಿಸಿಗಾಳಿ, ಆಮೇಲೆ ಇಲಿ

ಹಳೆಯ ಪ್ರಾಣಿಮನೆಯನ್ನು ಕೆಡವುತ್ತಾರಂತೆ ಎಂಬ ಸುದ್ದಿ ಬಂದಾಗ, ಹೊಸದಾಗಿ ಸಂಶೋಧನೆಗೆ ಸೇರಿದ ಹುಡುಗಿ ಕೇಳಿದಳು: "ಮಾನಿಟರ್ ಇಲ್ಲದ ಕಾಲದಲ್ಲಿ ಇಲಿಗೆ ಪೂರ್ತಿ ಮಂಪರು ಹತ್ತಿದೆ ಅಂತ ಹೇಗೆ ಗೊತ್ತಾಗ್ತಿತ್ತು ಸರ್?"

ಪ್ರಾಣಿಮನೆಯ ಅಣ್ಣನಿಗೆ ಗೊತ್ತಾಗುತ್ತಿತ್ತು. ಕಾಗದದಲ್ಲಿ ಅವರು ಸಹಾಯಕರು. ನಮಗೆಲ್ಲ ಕೈ ತಿದ್ದಿದ ಗುರು. ಹಿಂಗಾಲಿನ ಬೆರಳನ್ನು ಮೆಲ್ಲಗೆ ಚಿವುಟುತ್ತಿದ್ದರು. ಕಾಲು ಹಿಂದಕ್ಕೆ ಸೆಳೆದುಕೊಂಡರೆ ಇನ್ನೂ ಎಚ್ಚರವಿದೆ ಎಂದರ್ಥ. ಅಂಗಾಲು ನಸುಗೆಂಪಾಗಿದ್ದರೆ ಸರಿ, ನೀಲಿಗೆ ತಿರುಗಿದರೆ ಕೆಲಸ ನಿಲ್ಲಿಸಬೇಕು. ಅರವಳಿಕೆಯಲ್ಲಿ ಇಲಿ ಕಣ್ಣು ಮುಚ್ಚುವುದಿಲ್ಲ. ಆ ಕಣ್ಣು ಒಣಗದಂತೆ ಮುಲಾಮು ಸವರದೆ ಅವರು ಮುಂದಕ್ಕೆ ಹೋದದ್ದನ್ನು ನಾನು ಕಂಡಿಲ್ಲ. ಬಾಲದ ರಕ್ತನಾಳಕ್ಕೆ ಸೂಜಿ ಚುಚ್ಚುವ ಮೊದಲು ಬೆಚ್ಚನೆಯ ನೀರಿನ ಬಟ್ಟೆ ಸುತ್ತಿ, ನಾಳ ಉಬ್ಬುವವರೆಗೆ ಕಾಯುತ್ತಿದ್ದರು.

ಭತ್ತದ ಹೊಟ್ಟಿನ ಹಾಸು, ಮೂತ್ರದ ಘಾಟು, ಇವೆರಡರ ಮೇಲೆ ಮಂಪರು ತರಿಸುವ ಈಥರಿನ ತಲೆ ತಿರುಗಿಸುವ ಸಿಹಿ. ಆ ವಾಸನೆ ಇಂದಿಗೂ ನನಗೆ ಪ್ರಿಯ. ಆದರೆ ಈಥರ್ ಇಲಿಯ ಉಸಿರುದಾರಿಯನ್ನು ಕೆರಳಿಸುತ್ತಿತ್ತು, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತಿತ್ತು. ಹೋದದ್ದೇ ಒಳ್ಳೆಯದಾಯಿತು.

ಎಂಆರ್‌ಐ ಬಂದಾಗ ಕೆಟಮಿನ್-ಜೈಲಜಿನ್ ಚುಚ್ಚುಮದ್ದಿನ ಕಾಲ. ಮಿಲಿಮೀಟರಿನ ಹತ್ತನೇ ಒಂದು ಭಾಗವನ್ನು ತೋರಿಸಬೇಕಾದ ಚಿತ್ರ ಒಂದು ಉಸಿರಿಗೇ ಕಲಕಿಹೋಗುತ್ತಿತ್ತು. 25 ಗ್ರಾಂ ತೂಗುವ ಸುಂಡಿಲಿ ಮಂಪರಿನಲ್ಲಿ ಕ್ಷಣಕ್ಷಣಕ್ಕೂ ತಣ್ಣಗಾಗುತ್ತದೆ, ಸ್ಕ್ಯಾನಿನ ಕೋಣೆಯೋ ಸದಾ ಚಳಿ. ಅಣ್ಣ ಪಂಜರ ಹಿಡಿದು ಬಾಗಿಲಲ್ಲೇ ನಿಲ್ಲುತ್ತಿದ್ದರು. "ಮೊದಲು ಬಿಸಿಗಾಳಿ ಬರಲಿ ಸರ್, ಆಮೇಲೆ ಇಲಿ." ಯಂತ್ರದ ಸಮಯ ಮೀರುತ್ತಿದೆ ಎಂದು ಎಷ್ಟು ಗೋಗರೆದರೂ ಆ ಚೌಕಾಸಿಯಲ್ಲಿ ಅವರು ಸೋತದ್ದಿಲ್ಲ. ದೊಡ್ಡ ಪ್ರಾಧ್ಯಾಪಕರೂ ಕಾದರು.

ಈಗ ಮಂಪರಿಗೆ ಆಮ್ಲಜನಕದೊಡನೆ ಐಸೊಫ್ಲೂರೇನ್, ಶೇಕಡಾ 1ರಿಂದ 2. ಎದೆಯಡಿಯ ಪುಟ್ಟ ದಿಂಬು ಉಸಿರೆಣಿಸುತ್ತದೆ, ಎರಡು ಉಸಿರುಗಳ ನಡುವಿನ ಬಿಡುವಿನಲ್ಲಷ್ಟೇ ಯಂತ್ರ ಚಿತ್ರ ಹಿಡಿಯುತ್ತದೆ. ಪ್ರಾಣಿಪ್ರಯೋಗದ ಬಗ್ಗೆ 1998ರ ನಿಯಮಗಳು ಬಂದ ಮೇಲೆ ಪ್ರತಿ ಪ್ರಯೋಗಕ್ಕೂ ನೀತಿ ಸಮಿತಿಯ ಒಪ್ಪಿಗೆ ಬೇಕು. ಹಿಂದೆ ಗಡ್ಡೆ ಬೆಳೆಯುವ ಒಂದೊಂದು ಹಂತ ನೋಡಲೂ ಒಂದಷ್ಟು ಇಲಿಗಳನ್ನು ಕೊಲ್ಲುತ್ತಿದ್ದೆವು. ಇಂದು ಒಂದೇ ಇಲಿಯನ್ನು ವಾರವಾರ ಸ್ಕ್ಯಾನ್ ಮಾಡಿದರಾಯಿತು. ಇದಕ್ಕಿಂತ ದೊಡ್ಡ ಸುಧಾರಣೆಯನ್ನು ನಾನು ಈ ಕಸುಬಿನಲ್ಲಿ ಕಂಡಿಲ್ಲ.

ಆದರೂ ಹೊಟ್ಟೆ ಉರಿಯುತ್ತದೆ. ಪರದೆಯ ಅಂಕಿ ಸರಿಯಿದ್ದರೆ ಮಕ್ಕಳು ಇಲಿಯ ಕಡೆ ತಿರುಗುವುದಿಲ್ಲ; ಒಣಗುವ ಕಣ್ಣು ಯಾವ ಪರದೆಯಲ್ಲೂ ಕಾಣದು. ತಪ್ಪು ಅವರದಲ್ಲ, ತೋರಿಸಿಕೊಡುವವರೇ ಇಲ್ಲ. ಅಣ್ಣ ನಿವೃತ್ತರಾದ ಮೇಲೆ ಆ ಹುದ್ದೆ ತುಂಬಲಿಲ್ಲ. ಗುತ್ತಿಗೆಯ ಹುಡುಗರು ಬರುತ್ತಾರೆ. ಅವರ ಕೈ ಇಲಿಗೆ ಒಗ್ಗುವ ಹೊತ್ತಿಗೆ ಗುತ್ತಿಗೆ ಮುಗಿದಿರುತ್ತದೆ.